ಕೊಪ್ಪರಿಗೆಯ ನೊರೆ, ದೊಡ್ಡಬೀರಯ್ಯನವರ ರಕ್ತ

ಹನಕೆರೆಯ ದೊಡ್ಡಬೀರಯ್ಯನವರು ನಲವತ್ತು ವರ್ಷ ಆಲೆಮನೆಯ ದೊಡ್ಡ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕಾಯಿಸಿದವರು. ಕಳೆದ ವರ್ಷ ಕಬ್ಬಿನ ಕೂಳೆ ಚುಚ್ಚಿದ ಗಾಯದಿಂದ ಬ್ಯಾಕ್ಟೀರಿಯಾ ರಕ್ತಕ್ಕೇರಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಅವರ ನೆನಪುಗಳನ್ನು ದಾಖಲಿಸಲು ನಾನು ಹೋಗಿದ್ದ ದಿನವೇ, ಇಂಥ ಸೋಂಕುಗಳ ಸಂಶೋಧನೆಯಲ್ಲಿರುವ ಮೊಮ್ಮಗಳು ನಿಖಿತಾ ಪರೀಕ್ಷೆಗಾಗಿ ತಾತನ ರಕ್ತ ಕೇಳಲು ಬಂದಳು.

“ಆಸ್ಪತ್ರೇಲಿ ರಕ್ತ ಈರಿದ್ದು ಸಾಲ್ದಾ? ಓಗವ್ವ!” ಎಂದು ಅವರು ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡರು.

ಸೋಂಕಿನ ಉರಿಯೂತ ಇಳಿಸುವ ಅಣುಗಳನ್ನು ದೇಹವೇ ಕೊಬ್ಬಿನಿಂದ ತಯಾರಿಸಿಕೊಳ್ಳುತ್ತದೆ, ಸೋಂಕು ಗೆದ್ದು ಬಂದವರ ರಕ್ತದಲ್ಲಿ ಅವನ್ನು ಅಳೆಯಬೇಕು ಎಂದು ಆಕೆ ವಿವರಿಸಿದಳು.

“ಉರಿ ಆರುಸ್ಬುಟ್ರೆ ಕ್ರಿಮಿ ಸಾಯೋದೆಂಗೆ?”

“ಇವು ಉರಿ ಆರಿಸಲ್ಲ ತಾತ. ಅತಿಯಾದ ಊತ ತಗ್ಗಿಸ್ತವೆ, ಜೊತೆಗೇ ಬಿಳಿ ರಕ್ತಕಣಗಳು ಕ್ರಿಮಿಗಳನ್ನ ಇನ್ನೂ ಚೆನ್ನಾಗಿ ನುಂಗೋ ಹಾಗೆ ಮಾಡ್ತವೆ.”

ಮುದುಕರು ನಕ್ಕರು. “ಅಂಗನ್ನು ಮತ್ತೆ! ಕೊಪ್ಪರಿಗೆ ಉಕ್ಕುದ್ರೆ ನಾವೇನು ಒಲೆಗೆ ನೀರು ಉಯ್ತಿದ್ವಾ? ನಾಕು ಹನಿ ಅರಳೆಣ್ಣೆ ಬುಟ್ರೆ ನೊರೆ ಕೂತ್ಕತ್ತಿತ್ತು, ಪಾಕ ಬೇಯ್ತಲೇ ಇತ್ತು ಕಣವ್ವ.”

ಕೈ ಹೊರಬಂತು. ಸೂಜಿ ಇಳಿದಾಗ ಅವರು, ಈಗ ಮುಚ್ಚಿಹೋಗಿರುವ ಆ ಆಲೆಮನೆಯಲ್ಲಿ ಮುಂಜಾನೆ ಏಳುತ್ತಿದ್ದ ಬಿಸಿಬೆಲ್ಲದ ವಾಸನೆಯನ್ನು ವರ್ಣಿಸುತ್ತಿದ್ದರು. ನಳಿಕೆ ತುಂಬಿದ ಮೇಲೆ ನಿಖಿತಾ ಸೂಜಿ ತೆಗೆದು, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದು, ಅವರ ಮಾತು ಮುಗಿಯುವವರೆಗೂ ಪಕ್ಕದಲ್ಲೇ ಕೂತಳು.