ಪಾಸ್‌ವರ್ಡ್‌ಗೆ ಅರ್ಥ ಬರೆದವಳು

ಪಾಸ್‌ವರ್ಡ್ ಎಂದರೇನು ಎಂದು ನಮ್ಮ ಆಫೀಸಿನಲ್ಲಿ ಮೊಟ್ಟಮೊದಲು ಬರೆದುಕೊಟ್ಟವಳು ನಾನು. ಆ ಪಾಸ್‌ವರ್ಡೇ ನನ್ನ ಅನ್ನಕ್ಕೆ ಕಲ್ಲು ಹಾಕಿತು ಎಂದು ಆಮೇಲೆ ಜನ ಆಡಿಕೊಂಡರು. ಸುಳ್ಳು. ಕಲ್ಲು ಹಾಕಿದವರು ಮನುಷ್ಯರು, ಅದರಲ್ಲೂ ನನ್ನ ಪಕ್ಕದ ಕುರ್ಚಿಯವಳು. ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಹೊರಗೆ, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ನಾನು ಕ್ಲರ್ಕ್. ಟೆಂಪರರಿ ಕ್ಲರ್ಕ್. ಆರು ತಿಂಗಳಿಗೊಮ್ಮೆ ಸಾಹೇಬರು ಸಹಿ ಹಾಕಿದರೆ ಕೆಲಸ ಉಂಟು, ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಗದಗಿನ ಅಣ್ಣನ ಮನೆಗೆ. ಮದುವೆಯಾಗದ ಹೆಣ್ಣುಮಗಳು ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿ ತುತ್ತು ಎತ್ತುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಸದಾಶಿವ ಪೇಠದ ಹಳೆಯ ವಾಡೆಯೊಂದರ ವಠಾರದಲ್ಲಿ ನನಗೊಂದು ಕೋಣೆಯಿತ್ತು. ಚಿಕ್ಕದು, ಗಾಳಿಯಿಲ್ಲದ್ದು, ಆದರೆ ನನ್ನದು. ಅದು ಉಳಿಯಬೇಕೆಂದರೆ ನಾನು ಕಾಯಂ ಆಗಬೇಕಿತ್ತು.

ಆಗಲೇ ಕಾರ್ಖಾನೆಗೆ ದೊಡ್ಡ ಸಾಫ್ಟ್‌ವೇರ್ ಬಂತು. ಖರೀದಿ, ಸ್ಟೋರ್ಸ್, ಲೆಕ್ಕಪತ್ರ ಎಲ್ಲ ಒಂದೇ ವ್ಯವಸ್ಥೆಯೊಳಗೆ. ಅದನ್ನು ಕೂಡಿಸಲು ಬಂದ ಎಂಜಿನಿಯರುಗಳು ಇಂಗ್ಲಿಷಿನಲ್ಲಿ ಪಟಪಟ ಮಾತಾಡುವರು, ನಮ್ಮವರು ಗೋಣು ಹಾಕುವರು, ಅವರು ಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡುವರು. ಸಾಹೇಬರು ನನ್ನನ್ನು ಕರೆದು, ಆ ಪದಗಳಿಗೆಲ್ಲ ಸಾದಾ ಮರಾಠಿಯಲ್ಲಿ ಅರ್ಥ ಬರೆದು ಒಂದು ಪುಸ್ತಿಕೆ ಮಾಡು, ಕೆಲಸ ಮುಗಿಯುತ್ತಲೇ ನಿನ್ನ ಹೆಸರನ್ನು ಕಾಯಂಗೆ ಕಳಿಸುತ್ತೇನೆ ಎಂದರು. ಹಿಗ್ಗಿಹೋದೆ ನಾನು.

ಬರೆಯಲು ಜೊತೆಯಾದವಳು ಅಕ್ಕ. ಸ್ವಂತ ಅಕ್ಕನಲ್ಲ. ಅಥಣಿ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಕಾಯಂ ನೌಕರಿಯವಳು. ಇಡೀ ಸ್ಟೋರ್ಸ್‌ನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ದಿನವಿಡೀ ಮರಾಠಿ ಆಡಿ ಆಡಿ ದಣಿದ ಬಾಯಿಗೆ ಊಟದ ಹೊತ್ತಿನ ಕನ್ನಡವೇ ವಿಶ್ರಾಂತಿ. ಸಾಹೇಬರು ಎದುರಿಗಿದ್ದಾಗಲೇ ನಗುಮುಖದಿಂದ ಅವರನ್ನು ಕನ್ನಡದಲ್ಲಿ ಬೈದುಕೊಂಡದ್ದೂ ಉಂಟು. ಅವಳ ಡಬ್ಬಿಯ ರೊಟ್ಟಿ, ಗುರೆಳ್ಳು ಚಟ್ನಿ ಅರ್ಧ ನನ್ನ ಪಾಲಿಗೆ ಇರುತ್ತಿತ್ತು.

ಪುಸ್ತಿಕೆಯ ಪದಗಳನ್ನು ನಾವು ಮೊದಲು ಕನ್ನಡದಲ್ಲಿ ಜಗಳಾಡಿ, ಆಮೇಲೆ ಮರಾಠಿಯಲ್ಲಿ ಬರೆಯುತ್ತಿದ್ದೆವು. ಪ್ರತಿ ಪದಕ್ಕೂ ಒಂದು ಅರ್ಥ, ಒಂದು ಉದಾಹರಣೆ. ಆಥೆಂಟಿಕೇಶನ್ ಮತ್ತು ಆಥರೈಸೇಶನ್ ನಮ್ಮ ತಲೆ ತಿಂದವು. ಕೊನೆಗೆ ನಮ್ಮ ವಾಡೆಯ ಹಾಲಿನವನು ನೆರವಿಗೆ ಬಂದ. ಅವನು ಯಾರೆಂದು ಎಲ್ಲರಿಗೂ ಗೊತ್ತು, ಅದು ಮೊದಲನೆಯದು. ಗೊತ್ತಿದ್ದರೂ ಹೊಸ್ತಿಲು ದಾಟಿ ಅಡುಗೆಮನೆಗೆ ಬರುವಂತಿಲ್ಲ, ಅದು ಎರಡನೆಯದು. ಲಾಗ್ ಎಂದರೆ ಯಾರು, ಯಾವಾಗ, ಏನು ಮಾಡಿದರೆಂದು ಯಂತ್ರ ತಾನೇ ಬರೆದಿಟ್ಟುಕೊಳ್ಳುವುದು ಎಂದೆ.

“ಅಯ್ಯ, ಥೇಟ್ ನಮ್ಮತ್ತಿ!” ಎಂದಳು ಅಕ್ಕ. “ಯಾರು ಎಷ್ಟು ಹೊತ್ತಿಗೆ ಎಷ್ಟು ಉಂಡ್ರು, ಎಲ್ಲಾ ನೆಪ್ಪಿಟ್ಟಿರ್ತಾಳ. ಬರೀ ಅದನ್ನ.”

ಪಾಸ್‌ವರ್ಡ್‌ಗೆ ನಾನು ಬರೆದದ್ದು ಹೀಗೆ: ನೀವು ನೀವೇ ಎಂದು ಯಂತ್ರಕ್ಕೆ ಖಾತ್ರಿಪಡಿಸುವ ಗುಟ್ಟಿನ ಮಾತು. ಗಂಡನಿಗೂ ಹೆಂಡತಿಗೂ ಹೇಳಬಾರದು. ನನ್ನ ಸ್ವಂತ ಪಾಸ್‌ವರ್ಡ್ ಏನಿಡಲಿ ಎಂದು ಯೋಚಿಸುತ್ತಿದ್ದಾಗ ಡಬ್ಬಿ ತೆರೆದಿತ್ತು. “ಗುರೆಳ್ಳು ಅಂತ ಇಡು ಹುಡುಗಿ. ಈ ಮಂದಿ ತಲಿಕೆಳಗ ನಿಂತ್ರೂ ಗೊತ್ತಾಗಂಗಿಲ್ಲ” ಎಂದು ಅಕ್ಕ ನಕ್ಕಳು. ಅದನ್ನೇ ಇಟ್ಟೆ. ಅಕ್ಕನಿಗೆ ಗೊತ್ತಾಯಿತಲ್ಲ ಎಂದು ನನಗೆ ಅನಿಸಲೇ ಇಲ್ಲ. ಕನ್ನಡದಲ್ಲಿದ್ದದ್ದು ನಮ್ಮ ಮನೆಯೊಳಗೇ ಇದ್ದಂತೆ ಎಂಬ ಭಾವ.

ಸಿಸ್ಟಮ್ ಶುರುವಾದ ಸ್ವಲ್ಪ ದಿನಕ್ಕೆ ಊರಲ್ಲಿ ತಂಗಿಯ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವಾಗ ಒಡಹುಟ್ಟಿದ ಅಕ್ಕ ನಾನು ಇರದಿದ್ದರೆ ಹೇಗೆ? ರಜೆ ಕೇಳಿದೆ. ಸಾಹೇಬರು ಮುಖ ಗಂಟಿಕ್ಕಿದರು. ಲಾರಿಯಲ್ಲಿ ಬಂದ ಸರಕನ್ನು ಒಪ್ಪಿಕೊಳ್ಳುವ ಅಧಿಕಾರ ಸಿಸ್ಟಮ್‌ನಲ್ಲಿ ನನ್ನ ಹೆಸರಿಗಿತ್ತು. ಅಕ್ಕನಿಗೆ ನೋಡುವ ಅಧಿಕಾರ ಮಾತ್ರ. ನಮ್ಮಲ್ಲಿ ರಜೆ ಹಾಕುವವರು ಕಪಾಟಿನ ಕೀಲಿಯನ್ನು ಪಕ್ಕದವರ ಕೈಗಿಟ್ಟು ಹೋಗುವುದು ವಾಡಿಕೆ. ಕೊಡದೆ ಹೋದರೆ, ನಮ್ಮನ್ನೇನು ಕಳ್ಳರೆಂದುಕೊಂಡಳೇ ಎಂದು ಮಾತು ಬಿಡುತ್ತಿದ್ದರು. ಪಾಸ್‌ವರ್ಡನ್ನೂ ಹಾಗೆಯೇ ಅಕ್ಕನಿಗೆ ಕೊಟ್ಟು ಹೋಗು, ಕೆಲಸ ನಿಲ್ಲಬಾರದು ಎಂದು ಸಾಹೇಬರು ಅಪ್ಪಣೆ ಮಾಡಿದರು.

“ಸರ್, ಯಾರಿಗೂ ಕೊಡಬಾರದು ಅಂತ ನಾನೇ ಪುಸ್ತಿಕೆಯಲ್ಲಿ ಬರೆದಿದ್ದೇನಲ್ಲ?” ಎಂದು ಮರಾಠಿಯಲ್ಲಿ ಕೇಳಿದೆ.

ಅವರು ನಕ್ಕರು. ಅದು ಪುಸ್ತಿಕೆ, ಇದು ಫ್ಯಾಕ್ಟರಿ ಎಂದರು. ಅಕ್ಕನ ಎದುರಿಗೇ ಅಂದರು.

ಹೊರಡುವ ದಿನ, ನನ್ನ ಪಾಸ್‌ವರ್ಡ್ ನಿನಗೆ ಗೊತ್ತೇ ಇದೆ, ಬೇಕಾದಾಗ ಬಳಸು ಎಂದೆ. ಅಕ್ಕ ನನ್ನ ಕೈ ಹಿಡಿದು, “ನಾ ಅದೀನಿ, ಚಿಂತಿ ಮಾಡಬ್ಯಾಡ. ತಂಗಿ ಉಡಿ ತುಂಬಿ ಬಾ” ಎಂದಳು. ಸ್ವಾರಗೇಟಿನಲ್ಲಿ ಬಸ್ಸು ಹತ್ತಿದವಳು ನಿಶ್ಚಿಂತೆಯಿಂದ ನಿದ್ದೆ ಹೋದೆ.

ನಾನು ಊರಲ್ಲಿದ್ದಾಗ ಉಕ್ಕಿನ ಸರಳುಗಳ ಲಾರಿಯೊಂದು ಬಂತಂತೆ. ಪರೀಕ್ಷೆಯಲ್ಲಿ ನಪಾಸಾದ ಮಾಲು. ಆದರೆ ಸರಳಿಲ್ಲದೆ ಒಳಗೆ ಕೆಲಸ ನಿಲ್ಲುವಂತಿತ್ತು. ಸಾಹೇಬರು ಫೋನಿನಲ್ಲಿ ಅಕ್ಕನಿಗೆ ‘ಪಾಸ್’ ಎಂದು ಹಾಕಿ ಒಳಗೆ ತಗೋ ಎಂದರು, ಇವಳು ನನ್ನ ಹೆಸರಲ್ಲಿ ಒಳಹೊಕ್ಕು ಹಾಕಿದಳು. ಇದು ಫೋನಿನ ಬಳಿಯಿದ್ದ ಪ್ಯೂನ್ ಬಹಳ ತಡವಾಗಿ ಹೇಳಿದ್ದರಿಂದ ತಿಳಿದದ್ದು. ನನಗೆ ಮೊದಲು ತಿಳಿದದ್ದು ಇಷ್ಟೇ: ಆ ಸರಳಿನಿಂದ ಮಾಡಿದ ಬಿಡಿಭಾಗಗಳು ಬಿರುಕುಬಿಟ್ಟು ರಾಶಿ ರಾಶಿ ವಾಪಸ್ ಬಂದವು, ಮುಂಬಯಿಯ ಮುಖ್ಯ ಕಚೇರಿಯಿಂದ ತಪಾಸಣೆಗೆ ಇಬ್ಬರು ಬಂದರು, ಲಾಗ್ ತೆಗೆದರು, ಅದರಲ್ಲಿ ನನ್ನ ಹೆಸರಿತ್ತು.

ನಾನು ಹೆದರಲಿಲ್ಲ, ನಿಜವಾಗಿ. ಆ ದಿನ ನಾನು ಗದಗಿನಲ್ಲಿದ್ದೆ, ರಜೆಯ ಅರ್ಜಿಯೇ ಇದೆ. ಹಾಗಾದರೆ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದಿರಿ ಎಂದರು. ಸಾಹೇಬರ ಅಪ್ಪಣೆಯಂತೆ ಅಕ್ಕನಿಗೆ ಎಂದೆ. ಮೂಲೆಯಲ್ಲಿ ಕೂತಿದ್ದ ಸಾಹೇಬರು ಅಂಥ ಅಪ್ಪಣೆಯನ್ನು ನಾನೆಂದೂ ಕೊಟ್ಟಿಲ್ಲ ಎಂದುಬಿಟ್ಟರು. ಹೋಗಲಿ, ಅವರಿಂದ ನಾನು ಬೇರೇನೂ ನಿರೀಕ್ಷಿಸಿರಲಿಲ್ಲ. ಅಕ್ಕ ಇದ್ದಾಳಲ್ಲ!

ಅವಳನ್ನು ಕರೆಸಿದರು. ಬಂದು ನಿಂತಳು, ನನ್ನ ಕಡೆ ನೋಡಲಿಲ್ಲ. ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ, ಯಾರಿಗೂ ಕೊಡಬಾರದೆಂದು ಈ ಮ್ಯಾಡಮ್ಮೇ ನಮಗೆ ಕಲಿಸಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದಳು. ಮ್ಯಾಡಮ್ಮಂತೆ! ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

“ಅಕ್ಕಾ, ಏನ್ ಮಾತಾಡಾಕತ್ತೀ? ಆ ಶಬ್ದ ಹೇಳಿಕೊಟ್ಟಾಕಿ ನೀನ ಅಲ್ಲೇನ?” ಎಂದು ಕಿರುಚಿದೆ. ಆಮೇಲೆ ಮುಂಬಯಿಯವರತ್ತ ತಿರುಗಿ ಹೇಳಿದೆ: ನನ್ನ ಪಾಸ್‌ವರ್ಡ್ ಗುರೆಳ್ಳು. ಅದು ಕನ್ನಡದ ಶಬ್ದ. ಈ ಸ್ಟೋರ್ಸ್‌ನಲ್ಲಿ ನನ್ನ ಬಿಟ್ಟರೆ ಅದು ಗೊತ್ತಿರುವುದು ಇವಳೊಬ್ಬಳಿಗೇ. ಕೇಳಿ.

ಕೇಳಿದರು. ಗುರೆಳ್ಳು ಎಂದರೆ ಏನು ಎಂದು.

“ಮಲಾ ಮಾಹೀತ ನಾಹೀ” ಎಂದಳು. ನನಗೆ ಗೊತ್ತಿಲ್ಲ.

ತಾನು ಹುರಿದು, ಕುಟ್ಟಿ, ದಿನವೂ ನನ್ನ ರೊಟ್ಟಿಗೆ ಹಚ್ಚಿಕೊಟ್ಟ ಪದಾರ್ಥದ ಹೆಸರೇ ಅವಳಿಗೆ ಗೊತ್ತಿಲ್ಲ! ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಪಾಸ್‌ವರ್ಡ್ ಹೊರಗೆ ಬಿಟ್ಟ ತಪ್ಪು ನನ್ನದೇ ಎಂದು ಮುಂಬಯಿಯವರು ಬರೆದುಕೊಂಡು ಹೋದರು.

ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ನಾನು ಮುಂಬಯಿಯ ತನಕ ಹೋಗಿ ಮತ್ತೆ ಕೆದಕಿಯೇನೆಂಬ ಅಳುಕು ಸಾಹೇಬರಿಗಿತ್ತು. ಕಾಯಂ ಮಾತಿಗೆ ಎಳ್ಳುನೀರು ಬಿಟ್ಟು, ಕಂಪ್ಯೂಟರ್ ಇಲ್ಲದ ಗುಜರಿ ಗೋದಾಮಿಗೆ ಅಟ್ಟಿದರು. ಪುಸ್ತಿಕೆ ಮತ್ತು ತರಬೇತಿ ಅಕ್ಕನ ಪಾಲಾಯಿತು. ತಗಡಿನ ಸೂರಿನ ಕೆಳಗೆ, ತುಕ್ಕಿನ ಧೂಳಿನಲ್ಲಿ, ಆರಾರು ತಿಂಗಳಿಗೆ ಸಹಿಗಾಗಿ ಕಾಯುತ್ತ ನಾನು ಉಳಿದೆ.

ಒಂದೆರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅವಳು ಅಲ್ಲಿಗೆ ಬಂದಳು. ಪುಸ್ತಿಕೆಗೆ ಹೊಸ ಪದಗಳನ್ನು ಸೇರಿಸಬೇಕಿತ್ತಂತೆ. ಏನೂ ಆಗೇ ಇಲ್ಲ ಎಂಬಂತೆ ಕನ್ನಡದಲ್ಲಿ ಶುರುಮಾಡಿದಳು. “ಒಂದು ಶಬ್ದ ತಿಳೀವಲ್ದು ನೋಡು ಹುಡುಗಿ. ನಾನ್-ರಿಪ್ಯುಡಿಯೇಶನ್ ಅಂತ. ನಾಳೆ ಕೊಡಬೇಕು, ಸಾಹೇಬರು ಜೀವ ತಿನ್ನಾಕತ್ತಾರ. ನಿನ್ನ ಬಿಟ್ರ ನನಗ ಯಾರದಾರ?”

ಆ ಪದ ನನಗೆ ಗೊತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ.

“ಮಾಡಿದವರು ಆಮ್ಯಾಲ ನಾ ಅಲ್ಲ ಅನ್ನಾಕ ಬರಬಾರದು, ಹಂಗ ಮಾಡಿಡೂದು. ಬರಕೋರಿ” ಎಂದೆ.

ತಲೆ ಬಗ್ಗಿಸಿ ಬರೆಯುತ್ತಿದ್ದವಳ ಪೆನ್ನು ಅರ್ಧದಲ್ಲಿ ನಿಂತಿತು. ನಾನು ಅವಳಿಗೆ ಮೊದಲ ಸಲ, ಹೊರಗಿನವರಿಗೆ ಹಚ್ಚುವಂತೆ ‘ರಿ’ ಹಚ್ಚಿ ಮಾತಾಡಿದ್ದೆ, ಅದೂ ಅವಳಿಗೆ ತಟ್ಟಿರಬೇಕು. ಸೆರಗಿನಿಂದ ಕಣ್ಣು ಒತ್ತಿಕೊಳ್ಳತೊಡಗಿದಳು. “ಇಬ್ಬರು ಹೆಣ್ಣುಮಕ್ಕಳ ತಾಯಿ ನಾ. ನೌಕರಿ ಹೋಗಿದ್ರ…” ಎಂದಳು.

ನನ್ನ ನೌಕರಿ ಹೋದರೆ ಪರವಾಗಿಲ್ಲವೇ ಎಂದು ಕೇಳಬೇಕೆನಿಸಿತು. ಅವಳು ಅಳುವುದನ್ನು ನೋಡುತ್ತ ಕೂತೆ. ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

“ಇದಕ್ಕ ಉದಾಹರಣಿ?” ಎಂದಳು ಕೊನೆಗೆ, ಹಾಳೆಯ ಕಡೆ ನೋಡುತ್ತಲೇ.

“ಅದನ್ನ ನೀವ ಬರೀರಿ” ಎಂದೆ. “ಹೋಗೂ ಮುಂದ ಬಾಗಲಾ ಹಾಕ್ಕೊಂಡು ಹೋಗ್ರಿ, ಧೂಳು ಬರತದ.”