ಆಯಿ ಹುಟ್ಟಿದ ಹೊಲ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಅಂತ ಇದ್ದದ್ದು ಒಬ್ಬರಿಗೆ ಮಾತ್ರ. ಅಪ್ಪ ಹುಟ್ಟಿದ ದಿನ ಅಪ್ಪನಿಗೇ ಗೊತ್ತಿರಲಿಲ್ಲ. ನನ್ನನ್ನೂ ಅಕ್ಕನನ್ನೂ ಶಾಲೆಗೆ ಸೇರಿಸುವಾಗ ಮಾಸ್ತರರು ಇಬ್ಬರಿಗೂ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಂಡಿದ್ದರು. ಆದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹುಟ್ಟಿದ ದಿನ ಮಾತ್ರ ಊರಿಗೆಲ್ಲ ಗೊತ್ತಿತ್ತು. ಅದು ಶೀಗಿ ಹುಣ್ಣಿಮೆ.

ಶೀಗಿ ಹುಣ್ಣಿಮೆ ಎಂದರೆ ಪೈರು ಕಾಳು ಕಟ್ಟುವ ಕಾಲ. ಆಗ ಭೂಮಿತಾಯಿ ಬಸುರಿ ಎಂದು ನಮ್ಮ ಕಡೆಯ ನಂಬಿಕೆ. ಬಸುರಿಯ ಬಯಕೆ ತೀರಿಸಬೇಕಲ್ಲ? ಅದಕ್ಕೇ ಬಗೆಬಗೆಯ ಅಡುಗೆ ಮಾಡಿಕೊಂಡು, ಎತ್ತಿನ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಊಟ ಚೆಲ್ಲಿ ಬರುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಯಿಯ ತಾಯಿ ದಿನ ತುಂಬಿದ ಹೊಟ್ಟೆ ಹೊತ್ತುಕೊಂಡೇ ಚರಗಕ್ಕೆ ಹೋಗಿದ್ದಳಂತೆ. ಅಲ್ಲೇ, ಹೊಲದ ನಡುವಿನ ಬನ್ನಿ ಮರದ ಕೆಳಗೆ ಆಯಿ ಹುಟ್ಟಿದಳು. ಅವಳು ಒಬ್ಬಳೇ ಮಗಳು. ಹಾಗಾಗಿ ಅಜ್ಜನನ್ನು ಮನೆ ಅಳಿಯನಾಗಿ ತಂದುಕೊಂಡರು. ತವರು ಬಿಟ್ಟು ಹೋಗುವ ಸಂಕಟ ಆಯಿಗೆ ಬರಲೇ ಇಲ್ಲ.

"ಭೂಮ್ತಾಯಿ ಉಣ್ಣಾಕ ಕುಂತಿದ್ಲು, ನಾ ನಡಕ ಬಂದು ಎಡಿ ಕಸಗೊಂಡೆ" ಎಂದು ಆಯಿ ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಳು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಅನ್ನ ಚೆಲ್ಲಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಆದರೆ ಗುದ್ದಿದ ಕೈಯೇ ಆಮೇಲೆ ಕಡುಬಿನ ತುದಿ ಮುರಿದು, ತುಪ್ಪದಲ್ಲಿ ಅದ್ದಿ ನನ್ನ ಬಾಯಿಗೆ ಇಡುತ್ತಿತ್ತು. ಅವಳ ಸೆರಗಿನಲ್ಲಿ ಒಲೆಯ ಹೊಗೆ ಮತ್ತು ಹುರಿದ ಎಳ್ಳಿನ ವಾಸನೆ. ಅದನ್ನು ಮೂಗಿಗೆ ಒತ್ತಿಕೊಂಡರೆ ಮಾತ್ರ ನನಗೆ ನಿದ್ದೆ.

ಆಯಿಗೆ ಎಂಬತ್ತು ತುಂಬುವ ವರ್ಷ ಬಂತು. ಆ ಹೊತ್ತಿಗೆ ಸವದತ್ತಿಯ ಹತ್ತಿರ ಮಲಪ್ರಭಾ ಹೊಳೆಗೆ ಅಡ್ಡ ಆಣೆಕಟ್ಟು ಎದ್ದಿತ್ತು. ಹಿನ್ನೀರು ದಿನದಿನಕ್ಕೆ ಮೇಲೇರುತ್ತಿತ್ತು. ನಮ್ಮ ಊರು, ಹೊಲ ಎರಡೂ ಮುಳುಗುತ್ತವೆ ಎಂದು ಮೊದಲೇ ತಿಳಿಸಿದ್ದರು. ಮನೆಯ ತೊಲೆ, ಬಾಗಿಲು ಬಿಚ್ಚಿ ದಿಬ್ಬದ ಮೇಲಿನ ಹೊಸ ಊರಿಗೆ ಸಾಗಿಸಿದ್ದೆವು. ಮುಂಗಾರಿನ ಹೊತ್ತಿಗೇ ಅಪ್ಪ, "ಈ ಸಲ ಬಿತ್ತೂದು ಬ್ಯಾಡ ಯವ್ವಾ, ಬೀಜಾ ದಂಡ" ಅಂದಿದ್ದ.

"ಭೂಮ್ತಾಯಿ ಬಂಜಿ ಆಗಿ ಹೋಗಬೇಕೇನು? ಬಿತ್ತು" ಅಂದಳು ಆಯಿ.

ಅಪ್ಪ ಬಿತ್ತಿದ. ಹಾಳಾದ್ದು, ಜೋಳ ಎಂದೂ ಇಲ್ಲದಂತೆ ಬಂತು. ಆಳೆತ್ತರ ಬೆಳೆದು, ತೆನೆಯಲ್ಲಿ ಹಾಲುಗಾಳು ತುಂಬಿ ತಲೆ ಬಾಗಿಸಿ ನಿಂತಿತ್ತು. ಬಲಿಯುವುದಕ್ಕೆ ಇನ್ನೂ ದಿನ ಬೇಕಿತ್ತು. ನೀರು ಅಷ್ಟು ದಿನ ಕಾಯುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಅಪ್ಪ ಒಂದು ಹೊಸ ಇಳಕಲ್ ಸೀರೆಯನ್ನು ಆಯಿಯ ಮುಂದೆ ಇಟ್ಟ. ಹಸಿರು ಮೈ, ಕೆಂಪು ಸೆರಗು. ಅಜ್ಜ ತೀರಿದ ಮೇಲೆ ಆಯಿ ಹಸಿರು ಉಟ್ಟವಳಲ್ಲ. "ಎಂಬತ್ತ ತುಂಬಿದ್ವು, ಇನ್ನ ಯಾರ ಏನ ಅಂತಾರ? ಉಡು" ಅಂದ ಅಪ್ಪ. ಆಯಿ ಸೀರೆಯನ್ನು ಮೂಗಿಗೆ ಹಿಡಿದು ವಾಸನೆ ನೋಡಿದಳು. ಬುತ್ತಿಯ ಗಂಟಿನಲ್ಲಿ ಇಟ್ಟುಕೊಂಡಳು. ಮೈಮೇಲೆ ಅದೇ ಹಳೆಯ ಕಂದು ಸೀರೆ.

ಚಕ್ಕಡಿ ಹೊರಟಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಮೊಸರು ಬುತ್ತಿ. ಬುಟ್ಟಿಯ ಮೇಲಿನ ಬಿಳಿ ಬಟ್ಟೆ ದಾಟಿ ಬರುವ ವಾಸನೆಗೆ ನನ್ನ ಬಾಯಲ್ಲಿ ನೀರು. ಆದರೆ ಬೇರೆ ವರ್ಷದಂತೆ ಯಾರೂ ಹರಟಲಿಲ್ಲ. ಅವ್ವ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಯಿ ಗದರಿದಳು: "ಬಸರಿ ಮುಂದ ಕಣ್ಣೀರ ಹಾಕಬಾರದು. ಹೊಲದಾಗ ಯಾರರ ಅತ್ತರ ನೋಡ್ರಿ ಮತ್ತ!"

ಹೊಲಕ್ಕೆ ಹೋಗಿ ನೋಡಿದರೆ ಕೆಳಗಿನ ಮೂಲೆಯಲ್ಲಿ ನೀರು ಬಂದು ನಿಂತಿತ್ತು. ಸದ್ದಿಲ್ಲ, ಅಲೆಯಿಲ್ಲ. ನೀರಿನ ಮೇಲೆ ಜೋಳದ ತೆನೆಗಳಷ್ಟೇ ಕಾಣುತ್ತಿದ್ದವು.

ಬನ್ನಿ ಮರದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿದೆವು. ಅಪ್ಪ ಮೊರದ ತುಂಬ ಊಟ ಕಲಸಿಕೊಂಡು, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚರಗ ಚೆಲ್ಲತೊಡಗಿದ. ಹಿಂದೆ ನಾನು ತಂಬಿಗೆಯಿಂದ ನೀರು ಚಿಮುಕಿಸುತ್ತ, "ಸಲಾಂಬ್ರಿಗೋ" ಎಂದು ಕೂಗುತ್ತ ಹೋದೆ. ನೀರಿನ ಅಂಚು ಬಂತು. ಅಪ್ಪ ನಿಂತುಬಿಟ್ಟ. ಮೊರದಲ್ಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಷ್ಟು ಗಟ್ಟಿ ದನಿಯ ನನ್ನ ಅಪ್ಪ ಕೂಗನ್ನು ಅರ್ಧಕ್ಕೇ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು.

ಹಿಂದಿನಿಂದ ಆಯಿ ಬಂದು ಮೊರ ಕಸಿದುಕೊಂಡಳು. ಸೀರೆ ಎತ್ತಿ ಕಟ್ಟಿ, ಮೊಣಕಾಲು ಮುಳುಗುವವರೆಗೆ ನೀರಿಗಿಳಿದಳು. "ಇದೂ ನಮ್ಮ ಹೊಲಾನ ಐತಿ. ಅಕಿ ಉಪಾಸ ಇರಬೇಕೇನು?" ಎಂದು ಮುಳುಗಿದ ಜೋಳದ ಮೇಲೆ ಕಡುಬು, ಅನ್ನ ಚೆಲ್ಲಿದಳು. ಸಣ್ಣ ಸಣ್ಣ ಮೀನುಗಳು ಬಂದು ಅಗುಳು ಹಿಡಿದವು. ಜೋಳದ ಸಾಲಿನಲ್ಲಿ ಮೀನು! ನಾನು ಖುಷಿಯಿಂದ ಕಿರುಚಿದೆ. ನನ್ನ ಜೊತೆ ಯಾರೂ ನಗಲಿಲ್ಲ.

ಮರದ ಹತ್ತಿರ ಬಂದು ಆಯಿ ಗಂಟು ಬಿಚ್ಚಿದಳು. ಹೊಸ ಹಸಿರು ಸೀರೆಯನ್ನು ಬನ್ನಿ ಮರಕ್ಕೆ ಸುತ್ತಿದಳು. ಬಸುರಿಗೆ ಹಸಿರು ಸೀರೆ ಉಡಿಸುವುದು ನಮ್ಮಲ್ಲಿ ಪದ್ಧತಿ. "ಸಿಟ್ಟ ಆಗಬ್ಯಾಡೋ ಮಗನ, ಇದು ಅಕಿಗೆ ಸಲ್ಲಬೇಕು" ಎಂದು ಅಪ್ಪನ ಬೆನ್ನು ಸವರಿದಳು. ಬಳಿಕ ಅವ್ವನ ಕೈಯಿಂದ ಉಡಿ ತುಂಬಿಸಿದಳು. ಮರಕ್ಕೆ ಸುತ್ತಿದ ಸೀರೆಯ ಸೆರಗಿನಲ್ಲಿ ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ, ಅಡಿಕೆ ಇಟ್ಟಳು. ಗಂಡ ಇಲ್ಲದ ಹೆಂಗಸರು ಉಡಿ ತುಂಬುವಂತಿಲ್ಲ, ಅವರಿಗೆ ಯಾರೂ ಉಡಿ ತುಂಬುವಂತೆಯೂ ಇಲ್ಲ. ಆಗಿನ ಕಟ್ಟಳೆ ಹಾಗಿತ್ತು. ಆಯಿ ದೂರ ಸರಿದು ಕೈಕಟ್ಟಿ ನಿಂತಿದ್ದಳು.

ನನಗೆ ಆ ಕಟ್ಟಳೆ ಗೊತ್ತಿರಲಿಲ್ಲ. ಸೋದರತ್ತೆ ತವರಿಗೆ ಬಂದು ಹೋಗುವಾಗೆಲ್ಲ ಅವ್ವ ಉಡಿ ತುಂಬಿ ಕಳಿಸುವುದನ್ನು ನೋಡಿದ್ದೆನಷ್ಟೇ. "ಯವ್ವಾ, ಇದು ಆಯೀ ತವರಮನಿ ಅಲ್ಲೇನು? ನಾವು ಬಿಟ್ಟ ಹೊಂಟೇವಲ್ಲ, ಆಯೀಗೆ ಯಾಕ ಉಡಿ ಇಲ್ಲ?" ಎಂದು ಕೇಳಿಬಿಟ್ಟೆ.

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದ. ಅವ್ವ ಜೋಳದೊಳಗೆ ಹೋಗಿ ಹಾಲುಗಾಳಿನ ತೆನೆಗಳನ್ನು ಮುರಿದು ತಂದು ಆಯಿಯ ಮುಂದೆ ನಿಂತಳು.

"ಅತ್ತೀ, ಸೆರಗ ಒಡ್ರಿ. ನಿಮ್ಮ ತವರಮನಿ ಉಡಿ. ಒಲ್ಲೆ ಅನಬ್ಯಾಡ್ರಿ."

ಆಯಿ ಒಲ್ಲೆ ಅನ್ನಲಿಲ್ಲ. ಹಳೆಯ ಸೆರಗು ಒಡ್ಡಿದಳು. ತೆನೆಗಳು ಬಿದ್ದವು. ಉಡಿಯನ್ನು ಎದೆಗೆ ಒತ್ತಿಕೊಂಡು ನಾಲ್ಕು ಹೆಜ್ಜೆ ನಡೆದು, ಬದುವಿನ ಮೇಲೆ ಹೊಲಕ್ಕೆ ಬೆನ್ನು ಮಾಡಿ ಕುಳಿತಳು. ಸದ್ದಿಲ್ಲದೆ ಅಳತೊಡಗಿದಳು. ಬಸುರಿಗೆ ಕಣ್ಣೀರು ಕಾಣಬಾರದಲ್ಲ, ಅದಕ್ಕೆ ಬೆನ್ನು. ನಾನು ಹೋಗಿ ಆ ಬೆನ್ನಿಗೆ ಅಂಟಿಕೊಂಡು ಕುಳಿತೆ.

ಮುಂದಿನ ವಾರ ಮಳೆ ಹಿಡಿಯಿತು. ಹೊಲ ಹೋಯಿತು. ಮರದ ತಲೆ ಕೆಲವು ದಿನ ಕಂಡು ಅದೂ ಹೋಯಿತು. ಆಯಿ ಹೊಸ ಮನೆಯ ಅಂಗಳದಲ್ಲಿ ಆ ಕಡೆ ಬೆನ್ನು ಮಾಡಿಯೇ ಕೂರುತ್ತಿದ್ದಳು. ಮತ್ತೊಂದು ಶೀಗಿ ಹುಣ್ಣಿಮೆ ಅವಳಿಗೆ ಸಿಗಲಿಲ್ಲ. ನನ್ನ ಆಯಿ ಹೋಗಿ ಇಷ್ಟು ವರ್ಷವಾದರೂ ಎಳ್ಳು ಹುರಿಯುವ ವಾಸನೆ ಬಂದರೆ ನಾನು ಕೆಲಸ ಬಿಟ್ಟು ಸುಮ್ಮನೆ ನಿಂತುಬಿಡುತ್ತೇನೆ.

ಮೊನ್ನೆ ನನಗೆ ಅರವತ್ತೈದು ತುಂಬಿತೆಂದು ಮೊಮ್ಮಕ್ಕಳೆಲ್ಲ ಸೇರಿ ನೀವು ಯರಗಟ್ಟಿಯ ಬೇಕರಿಯಿಂದ ಕೇಕ್ ತಂದಿರಿ. ಮಾಸ್ತರರು ಕೊಟ್ಟ ಜೂನ್ ಒಂದು ಕೊನೆಗೂ ಉಪಯೋಗಕ್ಕೆ ಬಂತು! ಮೂಗಿಗೆಲ್ಲ ಕೆನೆ ಬಳಿದು ಫೋಟೋ ತೆಗೆದಿರಿ. ಬಾಯಿ ಸಿಹಿಯಾಯಿತು ಕಂದಗಳಿರಾ, ಸುಳ್ಳು ಹೇಳುವುದಿಲ್ಲ. ನೀವು ಹುಟ್ಟಿದ್ದು ಆಸ್ಪತ್ರೆಯಲ್ಲಿ, ಗಂಟೆ, ನಿಮಿಷ ಕೂಡ ಗೊತ್ತು. ಆ ಹಿನ್ನೀರು ನಿಮಗೆ ರಜೆಯಲ್ಲಿ ಕಲ್ಲೆಸೆದು ಆಡುವ ಕೆರೆ. ಅದು ನಿಮ್ಮ ತಪ್ಪಲ್ಲ, ಅದರ ಕೆಳಗೆ ಏನಿದೆಯೆಂದು ನಾನೇ ಹೇಳಿರಲಿಲ್ಲ.

"ಆಯಿ, ನಿನಗ ಏನ್ ಗಿಫ್ಟ್ ಬೇಕ?" ಎಂದು ಕೇಳಿದಿರಲ್ಲ, ಈಗ ಹೇಳುತ್ತೇನೆ. ಬರುವ ಶೀಗಿ ಹುಣ್ಣಿಮೆಗೆ ನನ್ನನ್ನು ಆ ನೀರಿನ ಅಂಚಿಗೆ ಕರೆದುಕೊಂಡು ಹೋಗಿ. ಕಡುಬು ನಾನು ಮಾಡುತ್ತೇನೆ. ಒಬ್ಬರು ತಂಬಿಗೆ ಹಿಡಿದು ನನ್ನ ಹಿಂದೆ ಬನ್ನಿ. ಮೀನು ಬರುತ್ತವೆ, ಬೇಕಾದರೆ ಕಿರುಚಿ, ನಗಿ. ಆದರೆ ನನ್ನ ಕಣ್ಣು ತುಂಬಿದರೆ, ನೀರಿನ ಕಡೆ ಬೆನ್ನು ಮಾಡಿ ನನ್ನನ್ನು ಕೂರಿಸಿ.