ದೊಡ್ಡವ್ವ ಹರಿದ ಧೋತರ

ಹೋದ ವಾರ ಮೊಮ್ಮಗಳು ಗಂಗಾವತಿಯಿಂದ ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಮೂರು ನಮೂನೆಯ ಡೈಪರ್ ತಂದು ಹಿತ್ತಲ ಕಟ್ಟೆಯ ಮೇಲೆ ಬಿಚ್ಚಿಟ್ಟು, ರಾತ್ರಿಯಿಡೀ ಯಾವುದು ತಡೆದೀತೆಂದು ಒಂದೊಂದರ ಮೇಲೂ ಚಮಚದಿಂದ ನೀರು ಹನಿಸುತ್ತಿದ್ದಳು. ನಾನು ನೋಡುತ್ತ ನಿಂತುಬಿಟ್ಟೆ. ಹಾಗೆಯೇ ಕುಕ್ಕರಗಾಲಲ್ಲಿ ಕುಳಿತು ನೀರು ಹನಿಸಿದ ಇನ್ನೊಬ್ಬ ಹೆಂಗಸಿನ ಕೈ ಕಣ್ಣೆದುರು ಬಂತು...

ಆಗ ನಾವು ಕುಷ್ಟಗಿಯಲ್ಲಿದ್ದೆವು. ದೊಡ್ಡ ಯುದ್ಧದ ಕಾಲ. ನನಗೆ ಒಂಬತ್ತೋ ಹತ್ತೋ. ತಮ್ಮನಿಗೆ ಒಂದೂವರೆ ವರ್ಷ. ಎದೆಗೆ ಕಫ ಕಟ್ಟಿ ಸತ್ತು ಬದುಕಿದ್ದ. ಹಕೀಮರು ಮೂರು ಸಲ ಬಂದು ಹೋಗಿದ್ದರು. "ಕೂಸಿನ ಎದಿ-ಬೆನ್ನಿಗೆ ತಂಪು ತಾಗಬಾರದವ್ವಾ. ಇನ್ನೊಮ್ಮೆ ಹಿಂಗಾತಂದ್ರ ನನ್ನ ಕೈಯಾಗ ಇರಂಗಿಲ್ಲ" ಎಂದು ಹೇಳಿದ್ದರು. ಆದರೆ ಚಳಿಗಾಲ. ಬೆಳಗಾಗುವುದರೊಳಗೆ ತಮ್ಮ ಉಚ್ಚೆ ಹೊಯ್ದುಕೊಂಡು ಬೆನ್ನಿನವರೆಗೂ ತೊಯ್ದಿರುತ್ತಿದ್ದ. ಅವ್ವ ಕಣ್ಣು ಮುಚ್ಚಿದ್ದನ್ನೇ ನಾನು ಕಾಣೆ.

ಯುದ್ಧದಿಂದಾಗಿ ಬಟ್ಟೆ ಸಿಗುತ್ತಿರಲಿಲ್ಲ. ಅಪ್ಪ ಎರಡು ದಿನ ಪಾಳಿ ಹಚ್ಚಿ ಕಂಟ್ರೋಲ್ ಅಂಗಡಿಯಿಂದ ಒಂದು ದಪ್ಪನೆಯ ತುಂಡು ತಂದ. ಅವ್ವ ಹಿಗ್ಗಿ ಅದನ್ನು ನಾಲ್ಕು ಮಡಿಕೆ ಮಾಡಿ ಕೂಸಿಗೆ ಕಟ್ಟಿದಳು. ಮರುದಿನ ನೋಡಿದರೆ ಅರಿವೆ ಅರ್ಧ ಒಣಗಿಯೇ ಇತ್ತು, ಕೂಸಿನ ಅಂಗಿ ಹಿಂಡುವಷ್ಟು ಒದ್ದೆ. ಮಧ್ಯಾಹ್ನಕ್ಕೆ ಕೆಮ್ಮು ಮರಳಿತು.

ಆ ಕೆಮ್ಮು ಕೇಳಿಯೇ ಬಾಜೂಮನೆಯ ದೊಡ್ಡವ್ವ ಬಂದಳು. ಆಕೆ ನಮಗೆ ರಕ್ತಸಂಬಂಧಿಯಲ್ಲ. ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಹಳೆಯ ಬಟ್ಟೆಗಳಿಂದ ಕೌದಿ ಹೊಲಿದು ಬದುಕುತ್ತಿದ್ದಳು. ಗಂಡ ಮುಂಬಯಿಯ ಗಿರಣಿಗೆ ಹೋಗಿ ಮೂರು ವರ್ಷವಾಗಿತ್ತು. ಪತ್ರ ನಿಂತು ಎರಡು ವರ್ಷ. ಅವನ ಕೈಮಗ್ಗದ ಧೋತರವೊಂದನ್ನು ಆಕೆ ಪ್ರತಿ ಸೋಮವಾರ ಒಗೆದು ಒಣಗಿಸಿ ಮಡಚಿಡುತ್ತಿದ್ದಳು. ನಾವು ಅದನ್ನು ಮುಟ್ಟುವಂತಿರಲಿಲ್ಲ.

"ಮನ್ಯಾಗಿನ ಅರಿವಿ ಎಲ್ಲಾ ತಾ" ಎಂದಳು ನನಗೆ. ಕಟ್ಟೆಯ ಮೇಲೆ ಹರವಿ ಚಮಚದಿಂದ ನೀರು ಹನಿಸಿದಳು. ಹೊಸ ಬಟ್ಟೆಯ ಮೇಲೆ ಹನಿ ಗುಂಡಗೆ ನಿಂತು, ಉರುಳಿಹೋಯಿತು.

"ಗಂಜಿ ಭಾಳ ಕುಡದೈತಿ. ನೀರಿಗೆ ಜಾಗಾನ ಇಲ್ಲ ಇದರಾಗ. ಇಪ್ಪತ್ತ ಸಲ ಒಗದ ಮ್ಯಾಲ ದಾರಿಗೆ ಬಂದೀತು."

ಅವ್ವನ ಹಳೆಯ ಸೀರೆ ನೀರನ್ನು ಹೀರಿತು. ಆದರೆ ದೊಡ್ಡವ್ವ ಬೆರಳಿಂದ ಒತ್ತಿದ ಕೂಡಲೇ ಹೊರಬಿತ್ತು. "ಕುಡಿತೈತಿ, ಹಿಡಕೊಳ್ಳಂಗಿಲ್ಲ."

ಒಗೆದು ಒಗೆದು ಮೆತ್ತಗಾದ ಧೋತರವೇ ಬೇಕೆಂದಳು. ಅಪ್ಪನಿಗಿದ್ದ ಒಂದೇ ಧೋತರ ಅವನ ಮೈಮೇಲಿತ್ತು. ಒಳಗೆ ತಮ್ಮ ಕೆಮ್ಮುತ್ತಿದ್ದ. ದೊಡ್ಡವ್ವ ಎದ್ದು ತನ್ನ ಮನೆಗೆ ಹೋಗಿ ಗಂಡನ ಧೋತರ ತಂದಳು. ಹನಿ ಬಿದ್ದದ್ದೇ ತಡ, ಮಾಯ. ಒತ್ತಿದರೂ ಹೊರಬೀಳಲಿಲ್ಲ.

ಅವ್ವ ಆಕೆಯ ಕೈ ಹಿಡಿದಳು. "ಬ್ಯಾಡ ಅಕ್ಕಾ... ನಿಮ್ಮ ಮನಿಯವರು ಬಂದು ಕೇಳಿದ್ರ?"

"ಬಂದಾಗ ನೋಡೂಣು. ಕೂಸು ಈಗ ಐತಿ."

ಹಲ್ಲಿನಿಂದ ಅಂಚು ಕಚ್ಚಿ ಪರ್‍ರೆಂದು ಹರಿದಳು. ಒರಟು ದಡಿ ಕೂಸಿನ ತೊಡೆಗೆ ಉಜ್ಜೀತೆಂದು ಅದನ್ನು ಬೇರೆ ತೆಗೆದಳು. ನಡುವೆ ಎಂಟು ಮಡಿಕೆ, ಬದಿಗೆ ಎರಡೇ ಮಡಿಕೆ ಬರುವಂತೆ ಮಡಚಿ ಕಟ್ಟಿ, ಕೆಳಗೆ ಹಳೆಯ ಕಂಬಳಿಯ ತುಂಡು ಹಾಸಿದಳು. ಮರುದಿನ ಅವ್ವನಿಗೆ ಎಚ್ಚರವಾದಾಗ ಬಿಸಿಲು ಮನೆಯೊಳಗೆ ಬಂದಿತ್ತು. ಗಾಬರಿಯಿಂದ ಎದ್ದು ಕೂಸಿನ ಬೆನ್ನು ಮುಟ್ಟಿ ನೋಡಿದಳು. ಒಣಗಿತ್ತು, ಬೆಚ್ಚಗಿತ್ತು. ಆಗ ಅತ್ತಳು ಅವ್ವ, ಆ ಬೇನೆಯಲ್ಲೆಲ್ಲ ಅಳದಿದ್ದವಳು.

ಎರಡು ಬೇಸಿಗೆ ಕಳೆದ ಮೇಲೆ ಆ ಗಂಡ ತಗಡಿನ ಪೆಟ್ಟಿಗೆ ಹೊತ್ತು ಬಂದುಬಿಟ್ಟ! ಸೊರಗಿ ಕಡ್ಡಿಯಾಗಿದ್ದ. ಸ್ನಾನ ಮಾಡಿ ಧೋತರ ಕೇಳಿದನಂತೆ. ದೊಡ್ಡವ್ವ ಅವನನ್ನು ನಮ್ಮ ಅಂಗಳಕ್ಕೇ ಕರೆತಂದು, ಕೋಳಿ ಅಟ್ಟುತ್ತಿದ್ದ ತಮ್ಮನನ್ನು ತೋರಿಸಿದಳು.

"ಇಂವ ಕಟಗೊಂಡು ಹರದಾನ್ರಿ."

ಅವನ ಮುಖ ಗಂಟಿಕ್ಕಿತು. "ನಾ ಇನ್ನ ಬರಂಗಿಲ್ಲಂತ ತಿಳಕೊಂಡು ಹರದಿಯೇನು?"

"ಬರ್ತೀರಂತ ಮೂರು ವರ್ಷ ಇಟ್ಟಿದ್ದೆ. ಈ ಕೂಸು ಕೆಮ್ಮಿದ ದಿನ ಹರದೆ."

ಅವನು ತಮ್ಮನ ಹತ್ತಿರ ಕುಕ್ಕರಿಸಿ, "ಏನೋ, ನನ್ನ ಧೋತರದ ಧಣೀ" ಎಂದು ಎತ್ತಿಕೊಂಡ.

ಮುಂದಿನ ವರ್ಷ ಅವನು ಹೆಂಡತಿಯನ್ನೂ ಮುಂಬಯಿಗೆ ಕರೆದೊಯ್ದ. ಬಸ್ಸು ಹತ್ತುವಾಗ ದೊಡ್ಡವ್ವ ನನ್ನ ಗಲ್ಲ ಸವರಿ, "ಓದು ಬಿಡಬ್ಯಾಡ" ಎಂದಳು. ನಾನು ಬಿಟ್ಟೆ, ಯಲಬುರ್ಗಕ್ಕೆ ಮದುವೆಯಾಗಿ ಬಂದೆ. ಆಕೆ ತೀರಿಕೊಂಡ ಸುದ್ದಿ ಯಾರ ಬಾಯಲ್ಲೋ ತಲುಪುವಾಗ ಎರಡು ವರ್ಷ ಆಗಿಹೋಗಿತ್ತು...

ಮೊಮ್ಮಗಳು ಊರಿಗೆ ಮರಳಿದ ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಅವನಿಗೀಗ ಎಂಬತ್ತು ದಾಟಿದೆ. ಎಲ್ಲವನ್ನೂ ಹೇಳಿದೆ. ಅವನಿಗೆ ದೊಡ್ಡವ್ವನ ಮುಖವೂ ನೆನಪಿಲ್ಲ.

"ಒಂದ ಸಲನರ ಹೋಗಿ ನೋಡಿ ಬರಬೇಕಾಗಿತ್ತಲ್ಲ ಅಕ್ಕಾ" ಎಂದ.

"ಹೋಗಬೇಕಾಗಿತ್ತು" ಎಂದೆ. ಇಬ್ಬರೂ ಫೋನ್ ಇಡಲಿಲ್ಲ.